ಬಂದೂಕಿನ ಜಾಮೀನು

ಮ್ಯಾಕಲ್ಸ್‌ಫೀಲ್ಡ್
4 ಸೆಪ್ಟೆಂಬರ್ 2016, ಭಾನುವಾರ

ರಊಫ್,

ಕ್ಷೇಮ ಸಮಾಚಾರ ಕಾಗದದ ಕೊನೆಗೆ ಬರೆಯುತ್ತೇನೆ, ಮೊದಲು ಕೆಲಸದ ಮಾತು. ಇದರ ಜೊತೆ ಒಂದು ಫಾರ್ಮ್ ಇಟ್ಟಿದ್ದೇನೆ. ಅದರ ಕೊನೆಯ ಪುಟದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿರುವ ಕಡೆ ನಿನ್ನ ಸಹಿ ಬೇಕು. ಗಾಬರಿಯಾಗಬೇಡ, ನಿನ್ನ ಹಾರ್ಬೋರ್ನ್ ಮನೆ ಬರೆಸಿಕೊಳ್ಳುತ್ತಿಲ್ಲ. ಶಾಟ್‌ಗನ್ ಇಟ್ಟುಕೊಳ್ಳಲು ಪೊಲೀಸರಿಗೆ ಕೊಡುವ ಅರ್ಜಿ ಅದು. ಈ ದೇಶದಲ್ಲಿ ಬಂದೂಕು ಬೇಕಾದವನು ತನ್ನನ್ನು ಎರಡು ವರ್ಷವಾದರೂ ಬಲ್ಲ, ಸಂಬಂಧಿಕನಲ್ಲದ, ಮರ್ಯಾದಸ್ಥ ಮನುಷ್ಯನ ಸಹಿ ತರಬೇಕಂತೆ. ನೀನು ನನ್ನನ್ನು ಬಲ್ಲೆ, ನಲವತ್ತು ವರ್ಷದಿಂದ. ಸಂಬಂಧಿಕನಲ್ಲ. ಮರ್ಯಾದಸ್ಥನೋ ಅಲ್ಲವೋ ಪೊಲೀಸರು ನೋಡಿಕೊಳ್ಳಲಿ.

ನಗಬೇಡ ಮಾರಾಯ. ಜೂನ್‌ನಲ್ಲಿ ನಮ್ಮ ಫ್ಯಾಕ್ಟರಿಯ ಪ್ಯಾಕಿಂಗ್ ಲೈನಿನ ಒಬ್ಬ ಮುದುಕ, ಇಲ್ಲಿಯವನೇ, ಗುಡ್ಡದ ಮೇಲಿನ ಶೂಟಿಂಗ್ ಮೈದಾನಕ್ಕೆ ಕರೆದುಕೊಂಡು ಹೋದ. ಯಂತ್ರ ಒಂದು ಮಣ್ಣಿನ ಬಿಲ್ಲೆಯನ್ನು ಆಕಾಶಕ್ಕೆ ಎಸೆಯುತ್ತದೆ, ನಾವು ಅದನ್ನು ಹೊಡೆಯಬೇಕು. ಜೀವಹಿಂಸೆ ಇಲ್ಲ, ಕೊರಳಲ್ಲಿ ಲಿಂಗ ಕಟ್ಟಿಕೊಂಡವನೂ ಧೈರ್ಯವಾಗಿ ಆಡಬಹುದು. ಜನವರಿಯಲ್ಲಿ ಉಮಾ ಹೋದಾಗಿನಿಂದ ನನ್ನ ತಲೆಯೊಳಗೆ ಒಂದು ಗುಂಯ್ ಅನ್ನುವ ಸದ್ದು ಇತ್ತಲ್ಲ, ನಿನಗೆ ಹೇಳಿದ್ದೆ, ಅದು ಮೊದಲನೇ ಈಡಿಗೆ ನಿಂತುಹೋಯಿತು. ಪೂರ್ತಿ ಎರಡು ತಾಸು ಇರಲಿಲ್ಲ. ಕಾರಿನಲ್ಲಿ ಕೂತು ಅತ್ತೆ. ಆಮೇಲೆ ಪ್ರತಿ ಶನಿವಾರ ಹೋಗುತ್ತಿದ್ದೇನೆ. ಬಾಡಿಗೆ ಬಂದೂಕು ಸಾಕಾಗಿದೆ, ನನ್ನದೇ ಒಂದು ಬೇಕು.

ಇನ್ನೊಂದು ಕಾರಣ ನಿನಗೂ ಗೊತ್ತು. ನಮ್ಮ ಪಡಸಾಲೆ ಗೋಡೆಯ ಮೇಲೆ ಎರಡು ಖಾಲಿ ಗೂಟ ಇದ್ದವು. ವೀರಭದ್ರಪ್ಪಜ್ಜನ ಬಂದೂಕು ತೂಗುಹಾಕುತ್ತಿದ್ದ ಗೂಟ. ಖಂಡೇನವಮಿ ದಿನ ಎಲ್ಲರ ಮನೆಯಲ್ಲಿ ಆಯುಧಕ್ಕೆ ಪೂಜೆ, ನಮ್ಮ ಮನೆಯಲ್ಲಿ ಮಾತ್ರ ಆ ಖಾಲಿ ಗೂಟಗಳಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದರು. ಯಾಕೆ ಅಂತ ಕೇಳಿದರೆ ಅಜ್ಜ ಮಾತಾಡುತ್ತಿರಲಿಲ್ಲ. ಅಜ್ಜಿ ಹೇಳುತ್ತಿದ್ದಳು: "ಆ ಅರ್ಷದ್ ಸಾಬ ಕಚೇರಿಗೆ ಹೋಗಿ ಚಾಡಿ ಹೇಳಿದಾ, ಸಂಸ್ಥಾನದವರು ಬಂದು ಬಂದೂಕು ಕಸಗೊಂಡು ಹೋದ್ರು." ಆ ಅರ್ಷದ್ ಸಾಹೇಬರ ಮೊಮ್ಮಗನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದಕ್ಕೆ ನಾನು ತಿಂದ ಏಟು ನಿನಗೂ ನೆನಪಿರಬೇಕು. ಈಗ ಕೇಳು ಮಗನೇ: ನಿಮ್ಮಜ್ಜ ನಮ್ಮ ಮನೆಯಿಂದ ಒಂದು ಬಂದೂಕು ಕಳಿಸಿದ, ನೀನು ಸಹಿ ಹಾಕಿ ಒಂದನ್ನು ಮನೆಗೆ ತಾ. ಎಂಬತ್ತು ವರ್ಷದ ಜಗಳ ಅಲ್ಲಿಗೆ ಮುಗಿಯುತ್ತದೆ.

ಫೋನ್ ಮಾಡಿದ್ದರೆ ಆಗುತ್ತಿತ್ತು ಅನ್ನುತ್ತೀಯ. ಫೋನಿನಲ್ಲಿ ನಿನ್ನ ಪಕ್ಕದಲ್ಲಿ ಮಹ್ನೂರ್ ಇರುತ್ತಾಳೆ, ನನ್ನ ಮೆಸೇಜುಗಳನ್ನು ಸ್ಪಂದನಾ ನೋಡುತ್ತಾಳೆ. ಕನ್ನಡದ ಕಾಗದವನ್ನು ನಮ್ಮಿಬ್ಬರ ಮನೆಯಲ್ಲೂ ಯಾರೂ ಓದಲಾರರು. ನಿನ್ನ ಹೆಂಡತಿಗೆ ದಖ್ನಿ, ನನ್ನ ಮಗಳಿಗೆ ಇಂಗ್ಲಿಷು. ನಮಗೆ ಇದಕ್ಕಿಂತ ಗಟ್ಟಿ ಬೀಗ ಬೇಕೇ?

ನೀನು ಬರೆದುಕೊಟ್ಟ ಗುಳಿಗೆ ನುಂಗುತ್ತಿದ್ದೇನೆ. ಇಲ್ಲಿಯ ನನ್ನ ಮಾಮೂಲಿ ಡಾಕ್ಟರು, ಆ ಜಿಪಿ ಹತ್ತಿರ ಹೋಗಿ ಕಂಪ್ಯೂಟರಿನಲ್ಲಿ ಹುಚ್ಚನೆಂದು ಬರೆಸಿಕೊಳ್ಳುವುದು ತಪ್ಪಿತು, ಪುಣ್ಯಾತ್ಮ. ಕ್ಷೇಮ ಸಮಾಚಾರ ಬರೆಯಲು ಜಾಗ ಉಳಿಯಲಿಲ್ಲ.

ನಿನ್ನ
ಮೃತ್ಯುಂಜಯ


ಹಾರ್ಬೋರ್ನ್, ಬರ್ಮಿಂಗ್‌ಹ್ಯಾಮ್
12 ಸೆಪ್ಟೆಂಬರ್ 2016

ಪ್ರಿಯ ಮೃತ್ಯುಂಜಯ,

ಫಾರ್ಮ್ ಸಹಿ ಹಾಕಿ ಇದರಲ್ಲೇ ಇಟ್ಟಿದ್ದೇನೆ. ತಡವಾಯಿತು, ಬೈಯಬೇಡ. ಹೊಸ ಡ್ಯೂಟಿ ರೋಟಾ ಬಂದಿದೆ, ಅದನ್ನು ಮಾಡಿದವನು ಮನುಷ್ಯನಲ್ಲ. ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ, ಇಂಜಿನ್ ಆನ್ ಇರುವಾಗಲೇ, ಸ್ಟಿಯರಿಂಗಿನ ಮೇಲೆ ಫಾರ್ಮ್ ಇಟ್ಟು ಸಹಿ ಮಾಡಿದೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ.

ಸಹಿ ಹಾಕುವಾಗ ಅಬ್ಬಾ ನೆನಪಾದರು. ಹೆಡ್‌ಮಾಸ್ತರರಾಗಿದ್ದಾಗ ಮನೆಯ ಕಟ್ಟೆಯ ಮೇಲೆ ಸಾಲು ನಿಂತಿರುತ್ತಿತ್ತು. ಜಾತಿ ಸರ್ಟಿಫಿಕೇಟು, ವಿದ್ಯಾರ್ಥಿವೇತನ, ನಡತೆ ಪ್ರಮಾಣಪತ್ರ, ಏನು ತಂದರೂ ಸಹಿ, ಮೇಲೊಂದು ಠಸ್ಸೆ. ಅವರು ಕಾಗದ ಓದಿದ್ದನ್ನು ನಾನು ಎಂದೂ ನೋಡಿಲ್ಲ. "ಓದಿ ಸಹಿ ಹಾಕಿದ್ರ ಬಂದಾವಗ ಅವಮಾನ ಆಗ್ತದ" ಅನ್ನುತ್ತಿದ್ದರು. ನಾನೂ ಅದೇ ಮಗ. ನಿನ್ನ ಕಾಗದದ ಮೇಲೆ ಸಹಿ ಹಾಕಲು ನಾನು ಏನು ಓದಬೇಕು?

ಅಜ್ಜನ ವಿಷಯ ನಮ್ಮ ಮನೆಯಲ್ಲೂ ಯಾರೂ ಎತ್ತುತ್ತಿರಲಿಲ್ಲ. ನಿಮ್ಮ ಬೀದಿಯಲ್ಲಿ ಹೋಗುವಾಗ ಅಬ್ಬಾ ತಲೆ ಬಗ್ಗಿಸಿಕೊಂಡು ನಡೆಯುತ್ತಿದ್ದರು. ನನಗೆ ಅಷ್ಟು ಗೊತ್ತು. ಆ ನಾಚಿಕೆ ನನಗೂ ಸ್ವಲ್ಪ ಬಂದಿದೆ ಅನ್ನು. ಅದಕ್ಕೇ ನೀನು ಕೇಳಿದ ಕೂಡಲೇ ಮನಸ್ಸು ಹಗುರಾಯಿತು.

ಗುಳಿಗೆಯ ಮುಂದಿನ ಚೀಟಿ ಇಲ್ಲಿದೆ. ಆದರೆ ಮೃತ್ಯುಂಜಯ, ಇದು ಮೂರನೇ ಸಲ. ನಾನು ಮಂಪರು ಕೊಡುವ ಡಾಕ್ಟರು, ಮನಸ್ಸಿನ ಡಾಕ್ಟರಲ್ಲ. ಗೆಳೆಯನಿಗೆ ಹೀಗೆ ಖಾಸಗಿಯಾಗಿ ಔಷಧಿ ಬರೆದುಕೊಡುವುದನ್ನು ಇಲ್ಲಿ ಒಪ್ಪುವುದಿಲ್ಲ, ಕನಿಷ್ಠ ನಿನ್ನ ಜಿಪಿಗಾದರೂ ನಾನು ತಿಳಿಸಬೇಕಿತ್ತು. ನೀನು ಬೇಡ ಅಂದೆ, ಬಿಟ್ಟೆ. ಇನ್ನಾದರೂ ಹೋಗಿ ತೋರಿಸು.

ಸ್ಪಂದನಾ ಶೆಫೀಲ್ಡಿನಲ್ಲಿ ಎರಡನೇ ವರ್ಷಕ್ಕೆ ಬಂದಳಲ್ಲವೇ? ಅನಾಟಮಿ ಮುಗಿದರೆ ಅರ್ಧ ಡಾಕ್ಟರಾದ ಹಾಗೆ ಅಂತ ಹೇಳು.

ನಿನ್ನ
ರಊಫ್


ಮ್ಯಾಕಲ್ಸ್‌ಫೀಲ್ಡ್
11 ಅಕ್ಟೋಬರ್ 2016, ವಿಜಯದಶಮಿ

ರಊಫ್,

ಬನ್ನಿ ತಗೊಂಡು ಬಂಗಾರದಂಗ ಇರು. ಈ ಊರಿನಲ್ಲಿ ಬನ್ನಿ ಎಲ್ಲಿಂದ ತರಲಿ? ಹಿತ್ತಲ ಬೇಲಿಯ ಮುಳ್ಳುಗಿಡದ ಎಲೆ ಇಟ್ಟಿದ್ದೇನೆ, ಬನ್ನಿ ಅಂತಲೇ ತಿಳಿದುಕೋ.

ಪೊಲೀಸ್ ಇಲಾಖೆಯಿಂದ ಒಬ್ಬ ಅಧಿಕಾರಿ ಬಂದಿದ್ದ, ನಿವೃತ್ತಿಗೆ ಹತ್ತಿರವಾದ ಸಾಧು ಮನುಷ್ಯ. ಬಂದೂಕು ಇಡುವ ಕಬ್ಬಿಣದ ಕಪಾಟು ಗೋಡೆಗೆ ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಎಳೆದು ನೋಡಿದ. ನಾನು ಹಿಂದಿನ ದಿನವೇ ಖಂಡೇನವಮಿ ಮುಗಿಸಿದ್ದೆ. ಬಂದೂಕು ಇನ್ನೂ ಬಂದಿಲ್ಲ, ಆದ್ದರಿಂದ ಖಾಲಿ ಕಪಾಟಿಗೇ ಪೂಜೆ. ನಮ್ಮ ವಂಶಕ್ಕೆ ಇದು ರೂಢಿಯೇ ಬಿಡು. ಕಪಾಟಿನ ಬಾಗಿಲ ಮೇಲಿನ ಕುಂಕುಮ ಅವನ ಬೆರಳಿಗೆ ಹತ್ತಿತು. ಬೆಚ್ಚಿಬಿದ್ದ ಪಾಪ. ದೇವರ ಕೆಲಸ ಅಂದೆ. ಕರ್ಚೀಫಿನಲ್ಲಿ ಒರೆಸಿಕೊಂಡು, ಬಹಳ ಮರ್ಯಾದೆಯಿಂದ, ಏನೋ ಬರೆದುಕೊಂಡ.

ಆಮೇಲೆ ಚಹಾ ಕುಡಿಯುತ್ತ ಕೇಳಿದ, ಮನೆಯಲ್ಲಿ ಒಬ್ಬರೇ ಇರುವಿರಾ ಅಂತ. ಹೆಂಡತಿ ಜನವರಿಯಲ್ಲಿ ಅಪಘಾತದಲ್ಲಿ ಹೋದಳು ಅಂದೆ. ಅವನು ಕಪ್ಪು ಕೆಳಗಿಟ್ಟ. ಹೇಗಿದ್ದೀರಿ, ನಿದ್ದೆ ಬರುತ್ತದೆಯೇ, ಯಾವತ್ತಾದರೂ ಡಾಕ್ಟರ ಹತ್ತಿರ ಹೋಗಿದ್ದಿರಾ ಅಂತ ಬಿಡಿಸಿ ಬಿಡಿಸಿ ಕೇಳಿದ. ಇಲ್ಲ ಅಂದೆ. ಸುಳ್ಳೇನಲ್ಲ, ನೀನು ಡಾಕ್ಟರಲ್ಲ, ನನ್ನ ಗೆಳೆಯ. ಫಾರ್ಮಿನಲ್ಲೂ ಅದೇ ಪ್ರಶ್ನೆ ಇತ್ತು, ಖಿನ್ನತೆಗೆ ಔಷಧಿ ತಗೊಂಡಿದ್ದೀರಾ ಅಂತ. ಅಲ್ಲೂ ಇಲ್ಲ ಅಂತ ಬರೆದೆ. ನಿನ್ನ ಹೆಸರು ನೋಡಿ ಅವನಿಗೆ ಖುಷಿಯಾಯಿತು. ದೊಡ್ಡ ಆಸ್ಪತ್ರೆಯ ಕನ್ಸಲ್ಟಂಟ್ ನಿಮ್ಮ ಪರ ಸಹಿ ಹಾಕಿದ್ದಾರೆ, ಇನ್ನೇನು ಬೇಕು ಅಂದ. ನೋಡಿದೆಯಾ ನಿನ್ನ ಬೆಲೆ!

ಇದರ ಜೊತೆ ಒಂದು ಹಳೆಯ ಕಾಗದದ ಝೆರಾಕ್ಸ್ ಇದೆ. ಅಪ್ಪನ ಟ್ರಂಕಿನಲ್ಲಿ ಸಿಕ್ಕಿದ್ದು, ಅಜ್ಜನ ಬಂದೂಕಿನ ಪರವಾನಗಿ ಅಂತ ಕಾಣುತ್ತದೆ. ಸಂಸ್ಥಾನದ ಮುದ್ರೆ ಇದೆ, ಬರಹ ಹಳೆಯ ಮರಾಠಿ ಮೋಡಿ ಲಿಪಿಯಲ್ಲಿದೆ, ಹಿಂದೆ ಮುಂದೆ ಎರಡೂ ಕಡೆ. ನಮ್ಮ ಜಗದೀಶ ಮಾಸ್ತರರಿಗೆ ಮೋಡಿ ಓದಲು ಬರುತ್ತಿತ್ತು. ಇನ್ನೂ ಇದ್ದಾರಲ್ಲ? ನೀನು ಅವರಿಗೆ ಕಳಿಸಿ ಓದಿಸು. ಕಟ್ಟು ಹಾಕಿಸಿ ಕಪಾಟಿನ ಪಕ್ಕ ತೂಗುಹಾಕುತ್ತೇನೆ.

ಸ್ಪಂದನಾ ದಸರೆಗೆ ಬರಲಿಲ್ಲ. ಪರೀಕ್ಷೆ ಅಂದಳು. ಶೆಫೀಲ್ಡ್ ಇಲ್ಲೇ ಗುಡ್ಡದಾಚೆ, ಆದರೆ ಆ ರಸ್ತೆ ಹಾಗಿದೆ.

ಮೃತ್ಯುಂಜಯ


ಹಾರ್ಬೋರ್ನ್
30 ಅಕ್ಟೋಬರ್ 2016

ಪ್ರಿಯ ಮೃತ್ಯುಂಜಯ,

ನಿನ್ನ ಎಲೆ ಪುಸ್ತಕದಲ್ಲಿಟ್ಟಿದ್ದೇನೆ. ಝೆರಾಕ್ಸನ್ನು ಮಾಸ್ತರರಿಗೆ ಕಳಿಸಿದೆ. ಎಂಬತ್ತೆಂಟು ವಯಸ್ಸು, ಕಣ್ಣಿಗೆ ಆಪರೇಷನ್ ಆಗಿದೆಯಂತೆ, ಹೊಸ ವರ್ಷದ ಹೊತ್ತಿಗೆ ಓದಿಕೊಡುತ್ತೇನೆ ಅಂದರು.

ಒಂದು ಮಾತು ಬರೆಯಬೇಕು. ನಾಲ್ಕು ಸಲ ಬರೆದು ಹರಿದೆ. ಔಷಧಿ ತಗೊಂಡಿಲ್ಲ ಅಂತ ನೀನು ಫಾರ್ಮಿನಲ್ಲಿ ಬರೆದದ್ದು ಸರಿಯಲ್ಲ. ತಗೊಂಡಿದ್ದೀಯ. ನಾನೇ ಕೊಟ್ಟಿದ್ದೇನೆ. ಆ ಅಧಿಕಾರಿಗೆ ಫೋನ್ ಮಾಡಿ ತಿದ್ದಿಸು. ಖಿನ್ನತೆ ಇದ್ದವರಿಗೆಲ್ಲ ಪರವಾನಗಿ ಕೊಡುವುದಿಲ್ಲ ಅಂತೇನಿಲ್ಲ, ಸ್ವಲ್ಪ ಹೆಚ್ಚು ವಿಚಾರಿಸುತ್ತಾರೆ ಅಷ್ಟೇ. ಮೊದಲು ನಿನ್ನ ಜಿಪಿಗೆ ಹೇಳು. ನನ್ನ ಹೆಸರು ಹೇಳಲೇಬೇಕು ಅಂತಿಲ್ಲ. ಊರಿಂದ ಗುಳಿಗೆ ತರಿಸಿಕೊಂಡೆ ಅಂದರೂ ನಡೆಯುತ್ತದೆ.

ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಅಸಹ್ಯವಾಯಿತು, ಆದರೂ ಬರೆದಿದ್ದೇನೆ. ಎರಡು ವರ್ಷದ ಹಿಂದೆ ನಮ್ಮ ವಿಭಾಗದಲ್ಲಿ ಒಬ್ಬನ ಮೇಲೆ ಮೆಡಿಕಲ್ ಕೌನ್ಸಿಲ್ ವಿಚಾರಣೆ ಆಯಿತು. ಹೆಂಡತಿಗೆ ನಿದ್ದೆ ಗುಳಿಗೆ ಬರೆದುಕೊಟ್ಟಿದ್ದ, ಅಷ್ಟೇ. ಮನುಷ್ಯ ಅರ್ಧವಾಗಿಹೋದ.

ನಾನು ಸಹಿ ಹಾಕಿದ ಪುಟದಲ್ಲಿ ಏನು ಬರೆದಿತ್ತು? ನಕಲು ಇದ್ದರೆ ಕಳಿಸು.

ರಊಫ್


ಮ್ಯಾಕಲ್ಸ್‌ಫೀಲ್ಡ್
19 ನವೆಂಬರ್ 2016

ಡಾಕ್ಟರ್ ಸಾಹೇಬರೇ,

ತಿದ್ದಿಸಲು ಏನೂ ಉಳಿದಿಲ್ಲ. ಪರವಾನಗಿ ಬಂತು. ಪೊಲೀಸರು ಕಾನೂನಿನ ಪ್ರಕಾರ ನನ್ನ ಜಿಪಿಗೂ ಕಾಗದ ಹಾಕಿದ್ದರು, ಈ ಮನುಷ್ಯನ ಬಗ್ಗೆ ಆತಂಕ ಪಡುವಂಥದ್ದು ಏನಾದರೂ ಇದೆಯೇ ಅಂತ. ಆಕೆ ಕಂಪ್ಯೂಟರ್ ತೆಗೆದು ನೋಡಿರಬೇಕು. ಏನಿದೆ ಅದರಲ್ಲಿ? ಒಂದು ಮಂಡಿನೋವು, ಒಂದು ಫ್ಲೂ ಚುಚ್ಚುಮದ್ದು. ನಿನ್ನ ದಯೆಯಿಂದ ನನ್ನ ಫೈಲು ಗಂಗಾಜಲದಷ್ಟು ಶುದ್ಧ.

ನೀನು ಸಹಿ ಹಾಕಿದ ಪುಟದಲ್ಲಿ ಏನಿತ್ತು ಅಂತ ಕೇಳಿದೆ. ನಕಲು ತೆಗೆದಿಟ್ಟಿದ್ದೆ, ಕನ್ನಡದಲ್ಲಿ ಬರೆಯುತ್ತೇನೆ ಓದು: "ಈತನ ಕೈಯಲ್ಲಿ ಬಂದೂಕು ಇರಬಾರದು ಅನ್ನುವುದಕ್ಕೆ ನನಗೆ ತಿಳಿದ ಯಾವ ಕಾರಣವೂ ಇಲ್ಲ." ಕೆಳಗೆ ನಿನ್ನ ಸೊಟ್ಟ ಸಹಿ.

ಯಾಕೆ, ಈಗ ಕಾರಣ ತಿಳಿಯಿತೇ? ಊರಿಂದ ಗುಳಿಗೆ ತರಿಸಿದೆ ಅಂತ ಹೇಳಬೇಕಂತೆ! ಲೇ ರಊಫ್ಯಾ, ನಿನ್ನ ಕೆಲಸ ಉಳಿಸಲು ನಾನು ಸುಳ್ಳು ಹೇಳಬೇಕು, ನನ್ನ ಬಂದೂಕಿನ ವಿಷಯಕ್ಕೆ ಮಾತ್ರ ಹರಿಶ್ಚಂದ್ರ ಆಗಬೇಕೇ? ನಿಮ್ಮಜ್ಜನ ರಕ್ತ ಎಲ್ಲಿ ಹೋಗುತ್ತದೆ ಅಂತ ಅಜ್ಜಿ ಅನ್ನುತ್ತಿದ್ದಳು.

ಸಿಟ್ಟಿನಲ್ಲಿ ಬರೆದೆ. ಹರಿಯುವುದಿಲ್ಲ, ಹಾಗೇ ಕಳಿಸುತ್ತೇನೆ. ಬಂದೂಕು ತಂದಿದ್ದೇನೆ. ಹಳೆಯದು, ಹಿಡಿಯ ಕಟ್ಟಿಗೆ ಚೆನ್ನಾಗಿದೆ.

ಮೃತ್ಯುಂಜಯ


ಮ್ಯಾಕಲ್ಸ್‌ಫೀಲ್ಡ್
15 ಜನವರಿ 2017

ಪ್ರಿಯ ರಊಫ್,

ಎರಡು ತಿಂಗಳಾಯಿತು, ನಿನ್ನ ಕಾಗದವಿಲ್ಲ. ನನ್ನ ಮಾತು ಹೆಚ್ಚಾಯಿತು ಅಂತ ಗೊತ್ತು. ತಪ್ಪಾಯಿತು.

ಇವತ್ತಿಗೆ ಒಂದು ವರ್ಷ. ಬೆಳಿಗ್ಗೆ ಎದ್ದು ಉಮಾಳ ಫೋಟೊ ಮುಂದೆ ವಿಭೂತಿ ಇಟ್ಟು ಕೂತಿದ್ದೆ. ನಿನಗೆ ಒಂದು ವಿಷಯ ಹೇಳಿರಲಿಲ್ಲ. ಯಾರಿಗೂ ಹೇಳಿಲ್ಲ. ಬಕ್ಸ್‌ಟನ್ ರಸ್ತೆಯಲ್ಲಿ ಮಂಜುಗಡ್ಡೆ ಇತ್ತು, ಕಾರು ಜಾರಿತು ಅಂತ ಎಲ್ಲರಿಗೂ ಹೇಳಿದೆ, ಪೊಲೀಸರಿಗೂ, ಸ್ಪಂದನಾಗೂ. ಮಂಜು ಇದ್ದದ್ದು ನಿಜ. ಆದರೆ ನಾನು ರಸ್ತೆ ನೋಡುತ್ತಿರಲಿಲ್ಲ. ಜಗಳ ಆಡುತ್ತಿದ್ದೆವು. ಏನಂಥ ದೊಡ್ಡ ಜಗಳ, ಅವಳ ತಮ್ಮನ ಮಗನ ಜಾವಳಕ್ಕೆ ಊರಿಗೆ ಹೋಗುವುದೋ ಬೇಡವೋ ಅಂತ. ಅವಳ ಮಾತಿಗೆ ಎದುರು ಹೇಳಲು ಅವಳ ಕಡೆ ಪೂರ್ತಿ ತಿರುಗಿದೆ. "ಮುಂದ ನೋಡ್ರಿ" ಅಂದಳು. ಅದೇ ಕೊನೆ.

ಆ ಮಾತು ತಲೆಯಲ್ಲಿ ಓಡುತ್ತಿರುತ್ತದೆ. ಸದ್ದು ಅಂತ ನಿನಗೆ ಹೇಳಿದ್ದೆನಲ್ಲ, ಅದು ಸದ್ದಲ್ಲ, ಇದು.

ಸ್ಪಂದನಾ ಕ್ರಿಸ್‌ಮಸ್‌ಗೆ ಬಂದಿದ್ದಳು. ಒಂದು ದಿನ. ಕೂತಲ್ಲೇ ಗಡಿಯಾರ ನೋಡುತ್ತಿದ್ದಳು, ಊಟ ಬಿಟ್ಟು ಎದ್ದಳು. ಅವಳಿಗೆ ಗೊತ್ತಾಗಿದೆ ಅಂತ ಕಾಣುತ್ತದೆ. ನನ್ನ ಮುಖ ನೋಡಲು ಅವಳಿಗೆ ಆಗುತ್ತಿಲ್ಲ. ಅದರಲ್ಲಿ ಅವಳ ತಪ್ಪಿಲ್ಲ.

ಶೂಟಿಂಗ್ ಮೈದಾನಕ್ಕೆ ಹೋಗುವುದನ್ನು ಬಿಟ್ಟೆ. ಗುಳಿಗೆ ಬಿಟ್ಟೂ ಐದು ವಾರವಾಯಿತು. ಈಗ ಹಗುರಾಗಿದ್ದೇನೆ, ಚಿಂತೆ ಮಾಡಬೇಡ. ಮನೆ ಸ್ವಚ್ಛ ಮಾಡಿದೆ. ಉಮಾಳ ಬಟ್ಟೆ ಎಲ್ಲ ಚ್ಯಾರಿಟಿ ಅಂಗಡಿಗೆ ಕೊಟ್ಟೆ, ಕಾರನ್ನು ಸ್ಪಂದನಾ ಹೆಸರಿಗೆ ಮಾಡಿಸಿದೆ. ಇದರ ಜೊತೆ ನಮ್ಮ ಹೈಸ್ಕೂಲಿನ ಗ್ರೂಪ್ ಫೋಟೊ ಇಟ್ಟಿದ್ದೇನೆ. ಇಲ್ಲಿದ್ದರೆ ಯಾರು ಯಾರು ಅಂತ ಗುರುತಿಸುವವರಿಲ್ಲ. ಎರಡನೇ ಸಾಲಿನಲ್ಲಿ ನಾವಿಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿದ್ದೇವೆ. ಅದಕ್ಕೂ ಒದೆ ತಿಂದಿದ್ದೆ.

ನೀನು ನನಗೆ ಬಹಳ ಮಾಡಿದೆ.

ನಿನ್ನ
ಮೃತ್ಯುಂಜಯ


ಹಾರ್ಬೋರ್ನ್
20 ಜನವರಿ 2017, ಶುಕ್ರವಾರ

ನನ್ನ ಮೃತ್ಯುಂಜಯ,

ಮಂಗಳವಾರ ನಿನ್ನ ಕಾಗದ ಸಿಕ್ಕಿತು. ಓದಿದ ಕೂಡಲೇ ಫೋನ್ ಮಾಡಿದೆ. ನೀನು ನಕ್ಕೆ, ಕ್ರಿಕೆಟ್ ಮಾತಾಡಿದೆ, ಕೊಹ್ಲಿ ಹೊಡೆದದ್ದನ್ನು ಹೇಳಿದೆ. ಆ ನಗು ಕೇಳಿ ಸಮಾಧಾನವಾಯಿತು ಅಂತ ನಾನು ನನಗೇ ಹೇಳಿಕೊಂಡೆ. ಸಮಾಧಾನವಾಗಿಲ್ಲ. ಗುಳಿಗೆ ಬಿಟ್ಟವನು, ಮನೆ ಖಾಲಿ ಮಾಡುವವನು, ಫೋಟೊ ಹಂಚುವವನು, ಥಟ್ಟನೆ ಹಗುರಾದೆ ಅನ್ನುವವನು. ಇದು ಏನು ಅಂತ ಮೊದಲನೇ ವರ್ಷದ ನರ್ಸಿಗೂ ಗೊತ್ತು. ನನಗೆ ಭಯವಾಗಿದೆ. ನಿನ್ನ ಮನೆಯಲ್ಲಿ ಆ ಬಂದೂಕು ಒಂದು ದಿನವೂ ಇರಬಾರದು.

ಉಮಾ ವಿಷಯ ಬರೆದದ್ದಕ್ಕೆ ನಾನು ಏನು ಹೇಳಲಿ? ನೀನು ಒಂದು ಕ್ಷಣ ತಲೆ ತಿರುಗಿಸಿದೆ. ನಾವೆಲ್ಲ ತಿರುಗಿಸುತ್ತೇವೆ ಮಾರಾಯ. ನಮ್ಮ ರಸ್ತೆಯಲ್ಲಿ ಮಂಜು ಇರಲಿಲ್ಲ, ಅಷ್ಟೇ.

ಜಗದೀಶ ಮಾಸ್ತರರು ಮೋಡಿ ಕಾಗದ ಓದಿ ಕಳಿಸಿದ್ದಾರೆ. ಅದೂ ಇದೇ ಮಂಗಳವಾರ ಬಂತು. ಮುಂದಿನ ಬದಿಯಲ್ಲಿ ಪರವಾನಗಿ. ನಮ್ಮ ಪುಟ್ಟ ಸಂಸ್ಥಾನದ ಕಾಯ್ದೆಯಂತೆ ಬಂದೂಕು ಇಡುವವನಿಗೆ ಬೇರೆ ಜಾತಿಯ ಒಬ್ಬ ಜಾಮೀನುದಾರ ಬೇಕಿತ್ತಂತೆ. ನಿಮ್ಮಜ್ಜನಿಗೆ ಜಾಮೀನು ನಿಂತವರು ನಮ್ಮಜ್ಜ. ಇಬ್ಬರೂ ಗೆಳೆಯರು ಮೃತ್ಯುಂಜಯ, ನಮ್ಮ ಹಾಗೆ. ಕೆಳಗೆ ಒಂದು ಷರತ್ತು ಇದೆ, ಮಾಸ್ತರರು ಬರೆದ ಹಾಗೇ ಬರೆಯುತ್ತೇನೆ: "ಬಂದೂಕು ಇಟ್ಟವನ ಬುದ್ಧಿ ಸ್ಥಿಮಿತ ತಪ್ಪಿದಲ್ಲಿ ಜಾಮೀನುದಾರನು ಮೂರು ದಿನದೊಳಗೆ ಕಚೇರಿಗೆ ಹಾಜರಾಗಿ ತಿಳಿಸತಕ್ಕದ್ದು."

ಹಿಂದಿನ ಬದಿಯಲ್ಲಿ 1936ರ ಷರಾ. ವೀರಭದ್ರಪ್ಪನ ಹೆಂಡತಿಯೂ ಎರಡು ಮಕ್ಕಳೂ ಒಂದೇ ವಾರದಲ್ಲಿ ಪ್ಲೇಗಿನಿಂದ ತೀರಿದ ಕಾರಣ, ಆತ ಬಂದೂಕು ಹಿಡಿದು ಹೊಲದ ಗುಡಿಸಲಿನಲ್ಲಿ ಒಬ್ಬನೇ ಕೂರುತ್ತಿರುವುದಾಗಿ ಜಾಮೀನುದಾರ ಅರ್ಷದ್ ಸಾಹೇಬನು ತಿಳಿಸಿದ ಮೇರೆಗೆ ಬಂದೂಕು ಜಪ್ತಿ. ನಿಮ್ಮಜ್ಜನಿಗೆ ಮೊದಲು ಒಬ್ಬ ಹೆಂಡತಿ ಇದ್ದಳು ಅಂತ ನಿನಗೆ ಗೊತ್ತಿತ್ತೇ? ನಿನ್ನ ಅಜ್ಜಿ ಎರಡನೆಯವರು. ನಿನ್ನ ಅಪ್ಪ ಹುಟ್ಟಿದ್ದು 1939ರಲ್ಲಿ. ನಿಮ್ಮಜ್ಜ ಆ ಬಂದೂಕು ಹೋದ ಮೇಲೆ ಐವತ್ತು ವರ್ಷ ಬದುಕಿದರು, ನಮ್ಮಜ್ಜನ ಜೊತೆ ಮತ್ತೆ ಒಂದು ಮಾತೂ ಆಡಲಿಲ್ಲ. ನಮ್ಮಜ್ಜ ಚಾಡಿಕೋರ ಅನ್ನಿಸಿಕೊಂಡೇ ಸತ್ತರು. ಏನಾಯಿತು ಅಂತ ಮನೆಯಲ್ಲೂ ಹೇಳಲಿಲ್ಲ, ನಿಮ್ಮಜ್ಜನ ಮರ್ಯಾದೆ ಹೋಗುತ್ತದೆ ಅಂತ ಇರಬೇಕು.

ಈಗ ಜಾಮೀನುದಾರ ನಾನು. ಇವತ್ತಿಗೆ ಮೂರು ದಿನ.

ನಿನ್ನ ಬೆನ್ನ ಹಿಂದೆ ಹೋಗಿ ಹೇಳಲು ನನಗೆ ಆಗುತ್ತಿಲ್ಲ. ಎಂಬತ್ತು ವರ್ಷ ಮತ್ತೆ ಅದೇ ಕಥೆ ಆಗುವುದು ಬೇಡ. ಅದಕ್ಕೇ ಮೊದಲು ನಿನಗೆ ಬರೆಯುತ್ತಿದ್ದೇನೆ. ನೀನೇ ಬಂದೂಕನ್ನು ಸ್ಟೇಷನ್ನಿಗೆ ಒಪ್ಪಿಸಿಬಿಡು, ಗುಡ್ಡ ಹತ್ತುವುದು ಸಾಕಾಯಿತು ಅಂತ ಹೇಳು, ಯಾರೂ ಏನೂ ಕೇಳುವುದಿಲ್ಲ. ಗುಳಿಗೆ ವಿಷಯ ಹೊರಗೆ ಬರುವುದಿಲ್ಲ. ಇದರಲ್ಲಿ ನನ್ನ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ. ಶನಿವಾರ ಭಾನುವಾರ ನಾನು ಆನ್‌ಕಾಲ್, ಬಿಟ್ಟು ಬರಲಾಗದು. ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಯವರೆಗೆ ನೋಡುತ್ತೇನೆ. ನಿನ್ನಿಂದ ಫೋನ್ ಬರದಿದ್ದರೆ ನಾನೇ ಪೊಲೀಸರಿಗೆ ಹೇಳುತ್ತೇನೆ, ಎಲ್ಲವನ್ನೂ, ನನ್ನ ಚೀಟಿಗಳನ್ನೂ ಸೇರಿಸಿ. ಬೈಯಿ, ಮಾತು ಬಿಡು, ಐವತ್ತು ವರ್ಷ ಮಾತು ಬಿಡು.

ಫಸ್ಟ್ ಕ್ಲಾಸ್ ಅಂಚೆಗೆ ಹಾಕುತ್ತಿದ್ದೇನೆ. ನಾಳೆಯೇ ಸಿಗುತ್ತದೆ.

ರಊಫ್


ಹಾರ್ಬೋರ್ನ್
26 ಮಾರ್ಚ್ 2017, ಭಾನುವಾರ

ಮೃತ್ಯುಂಜಯ,

ಈ ಕಾಗದಕ್ಕೆ ವಿಳಾಸ ಇಲ್ಲ. ಆದರೂ ನಮ್ಮ ಕಡತದಲ್ಲಿ ಕೊನೆಯ ಕಾಗದ ನನ್ನದೇ ಇರಲಿ ಅಂತ ಬರೆಯುತ್ತಿದ್ದೇನೆ.

ಆ ಸೋಮವಾರ ಎಂಟೂವರೆಗೆ ಸ್ಪಂದನಾ ಫೋನ್ ಬಂತು, ಒಂಬತ್ತು ಗಂಟೆಗೆ ಇನ್ನೂ ಅರ್ಧ ಗಂಟೆ ಇತ್ತು. ನೀನು ಹೋದದ್ದು ಭಾನುವಾರ ಮಧ್ಯಾಹ್ನ. ನನ್ನ ಕಾಗದ ಶನಿವಾರ ಬಂದಿತ್ತು. ಅಂಚೆಯವನು ತಡಮಾಡಲಿಲ್ಲ.

ಹೋದ ವಾರ ಅವಳು ಇಲ್ಲಿಗೆ ಬಂದಿದ್ದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ನಮ್ಮ ಕಾಗದಗಳು. ನೀನು ನನ್ನವನ್ನು ದಾರ ಕಟ್ಟಿ ಇಟ್ಟಿದ್ದೆ, ನೀನು ಬರೆದದ್ದರ ನಕಲೂ ಇಟ್ಟುಕೊಂಡಿದ್ದೆ. ಇಂಥ ಸಾವುಗಳ ವಿಚಾರಣೆ ಮಾಡುವ ಕೊರೋನರ್ ಕಚೇರಿಯವರು ಎಲ್ಲವನ್ನೂ ನೋಡಿ, ಇದು ಯಾವ ಭಾಷೆ, ಇದನ್ನು ಇಂಗ್ಲಿಷಿಗೆ ಮಾಡಿಸಿಕೊಡಿ ಅಂದರಂತೆ. ಬೇರೆ ಯಾರನ್ನಾದರೂ ಹುಡುಕು, ನಾನೇ ಬರೆದದ್ದನ್ನು ನಾನೇ ಅನುವಾದ ಮಾಡಬಾರದು ಅಂದೆ. ಹುಡುಕುತ್ತಾರಂತೆ, ಆದರೆ ಮೊದಲು ನನಗೆ ನೀವು ಓದಿ ಹೇಳಿ ಅಂದಳು. ನಮ್ಮ ಗಟ್ಟಿ ಬೀಗದ ಕೀಲಿ ಈಗ ನನ್ನೊಬ್ಬನ ಕೈಯಲ್ಲಿ. ನಾನು ಏನು ಓದಿದರೂ ಆ ಮಗು ಅವತ್ತಿಗೆ ಅದನ್ನೇ ನಂಬುತ್ತಿತ್ತು.

ಮಹ್ನೂರ್ ಚಹಾ ತಂದಿಟ್ಟು ಒಳಗೆ ಹೋದಳು. ಒಂದೊಂದೇ ಓದಿ ಇಂಗ್ಲಿಷಿನಲ್ಲಿ ಹೇಳಿದೆ. ಗಡಿಯಾರ ನೋಡುತ್ತಿದ್ದಳು ಅಂತ ನೀನು ಬರೆದಿದ್ದೆಯಲ್ಲ, ಅಲ್ಲಿಗೆ ಬಂದಾಗ ಅವಳು ಮೊದಲ ಸಲ ಅತ್ತಳು. ಆ ಮನೆಯ ಬಾಗಿಲಲ್ಲಿ ಉಮಾಳ ಚಪ್ಪಲಿ ಇನ್ನೂ ಇದ್ದವಂತೆ, ಅವನ್ನು ನೋಡಿಕೊಂಡು ಅವಳಿಗೆ ಊಟ ಇಳಿಯಲಿಲ್ಲವಂತೆ. ರಸ್ತೆಯ ವಿಷಯ ಅವಳಿಗೆ ಏನೂ ಗೊತ್ತಿರಲಿಲ್ಲ. ನಿನ್ನ ಮೇಲೆ ಸಿಟ್ಟೂ ಇರಲಿಲ್ಲ. ನೀನು ಒಂದು ಸಲ ಕೇಳಿದ್ದರೆ ಆಗುತ್ತಿತ್ತು. ಇದನ್ನು ನಿನಗೆ ಹೇಳಬೇಕು ಅಂತ ಅವಳೇ ಅಂದಳು.

ಗುಳಿಗೆ, ಸಹಿ, ಊರಿಂದ ತರಿಸಿದೆ ಅಂತ ಹೇಳು ಅಂದದ್ದು, ಎಲ್ಲವನ್ನೂ ಓದಿದೆ. ಕೊನೆಗೆ ನನ್ನ ಶುಕ್ರವಾರದ ಕಾಗದ. ಅದರ ಲಕೋಟೆ ಚಾಕುವಿನಿಂದ ನೀಟಾಗಿ ಕೊಯ್ದಿತ್ತು. ನೀನು ಓದಿದ್ದೀಯ. ಕಾಗದದ ತಳದಲ್ಲಿ ನಿನ್ನ ಕೈಬರಹದಲ್ಲಿ, ಪೆನ್ಸಿಲ್ಲಿನಿಂದ, ಒಂದು ಸಾಲು ಇತ್ತು. ಸ್ಪಂದನಾ ಅದರ ಮೇಲೆ ಬೆರಳಿಟ್ಟಳು. "ಅಂಕಲ್, ದಿಸ್ ಈಸ್ ಡ್ಯಾಡ್ಸ್ ರೈಟಿಂಗ್. ವಾಟ್ ಡಸ್ ಇಟ್ ಸೇ?" ಅಂದಳು.

ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ ಅಂತ ಬರೆದಿದ್ದಾನೆ ಅನ್ನಬಹುದಿತ್ತು. ಸ್ಪಂದನಾ ಚಂದಾಗಿರಲಿ ಅಂತ ಬರೆದಿದ್ದಾನೆ ಅನ್ನಬಹುದಿತ್ತು. ಅವಳು ಅದನ್ನು ಎದೆಗೆ ಅವಚಿಕೊಂಡು ಇರುತ್ತಿದ್ದಳು. ಬೇರೆಯವರ ಅನುವಾದ ಬಂದ ದಿನ ಮಾತ್ರ ಗೊತ್ತಾಗುತ್ತಿತ್ತು.

ಇದ್ದದ್ದನ್ನೇ ಓದಿದೆ: "ನಿಮ್ಮಜ್ಜ ಕಾಗದ ಬರೆಯಲಿಲ್ಲ, ಕಚೇರಿಗೆ ಹೋದರು."

ಅವಳು ಬೆರಳನ್ನು ಅದೇ ಕಾಗದದ ಮೇಲಿನ ತಾರೀಖಿಗೆ ಸರಿಸಿದಳು. ಆಮೇಲೆ ಕೇಳಿದಳು, "ಸೋ ಯು ನ್ಯೂ. ಆನ್ ಟ್ಯೂಸ್‌ಡೇ, ಯು ನ್ಯೂ." ಹೌದು, ಮಂಗಳವಾರವೇ ಗೊತ್ತಿತ್ತು ಅಂದೆ. ಚೀಲ ತೆಗೆದುಕೊಂಡು ಎದ್ದಳು. ಬಾಗಿಲವರೆಗೆ ಹೋದೆ, ಅವಳು ತಿರುಗಿ ನೋಡಲಿಲ್ಲ. ನಿಮ್ಮ ವಂಶದವರು ಮಾತು ಬಿಟ್ಟರೆ ಐವತ್ತು ವರ್ಷ ಅಂತ ನಾನೇ ಬರೆದಿದ್ದೆ.

ಇವತ್ತು ಎರಡು ಕಾಗದ ತಯಾರಾಗಿವೆ. ಒಂದು ಮೆಡಿಕಲ್ ಕೌನ್ಸಿಲ್ಲಿಗೆ, ಮೂರು ಚೀಟಿಗಳ ತಾರೀಖು ಸಮೇತ. ಇನ್ನೊಂದು ಕೊರೋನರ್ ಕಚೇರಿಗೆ ನನ್ನ ಹೇಳಿಕೆ, ಆರು ಪುಟ. ಅದರ ಕೊನೆಯಲ್ಲಿ ಒಂದು ಅಚ್ಚು ಮಾಡಿದ ಸಾಲು ಇದೆ: ಮೇಲೆ ಬರೆದದ್ದೆಲ್ಲ ನನಗೆ ತಿಳಿದ ಮಟ್ಟಿಗೆ ಪೂರ್ಣ ಮತ್ತು ಸತ್ಯ. ಅದರ ಕೆಳಗೆ ಸಹಿ ಹಾಕುವ ಜಾಗ.

ಮೇಜಿನ ಮುಂದೆ ಕೂತು ಮೊದಲ ಪುಟದಿಂದ ಕೊನೆಯವರೆಗೂ ಎರಡು ಸಲ ಓದಿದೆ. ಆಮೇಲೆ ಸಹಿ ಹಾಕಿದೆ.

ರಊಫ್